ತಿಮಿಂಗಿಲದ ಕೂಗನ್ನು ಕೇಳುವದು ಹೇಗೆ?

ಸಮುದ್ರವು ನಮ್ಮ ಸೊಲ್ಲಾಪುರದಿಂದ ಸುಮಾರು 300 ಕಿಲೋಮೀಟರು ದೂರ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಅದನ್ನು ಇನ್ನೂ ಕಂಡಿಲ್ಲ. ಆದರೂ ತಿಮಿಂಗಿಲದ ಹೆಸರು ಕೇಳದವರಿಲ್ಲ. ಮರಾಠಿಯಲ್ಲಿ ಅದಕ್ಕೆ ‘ದೇವಮಾಸಾ’ ಎನ್ನುವರು. ಹೆಸರಿನಲ್ಲಿ ಮೀನು ಇದ್ದರೂ ಅದು ಮೀನಲ್ಲ; ಮರಿಗೆ ಹಾಲೂಡಿಸುವ, ಶ್ವಾಸಕೋಶದಿಂದ ಉಸಿರಾಡುವ ಸಸ್ತನಿ. ಉಸಿರಿಗಾಗಿ ಅದು ಮೇಲೆ ಬರುವದು ಸ್ವಲ್ಪ ಹೊತ್ತು ಮಾತ್ರ. ರಾತ್ರಿಯಲ್ಲಾಗಲಿ, ಮಳೆಗಾಲದ ತೆರೆಗಳಲ್ಲಾಗಲಿ ಅದನ್ನು ಕಾಣುವದು ಬಲು ಕಷ್ಟ. ಹಾಗಾದರೆ ಯಾವ ತಿಮಿಂಗಿಲವು ಯಾವ ಸಮುದ್ರಕ್ಕೆ ಯಾವ ತಿಂಗಳಲ್ಲಿ ಬರುವದೆಂದು ತಿಳಿಯುವದು ಹೇಗೆ? ಕಣ್ಣಿಗೆ ಆಗದ ಈ ಕೆಲಸವನ್ನು ವಿಜ್ಞಾನಿಗಳು ಕಿವಿಗೆ ಒಪ್ಪಿಸಿದ್ದಾರೆ.

ಬಾವಿಯಲ್ಲಿ ಈಜುವ ಹುಡುಗರಿಗೆ ಒಂದು ಸಂಗತಿ ಗೊತ್ತಿದೆ. ನೀರಿನಲ್ಲಿ ಮುಳುಗಿ ಒಬ್ಬನು ಎರಡು ಕಲ್ಲು ಕುಟ್ಟಿದರೆ, ಆ ಸಪ್ಪಳವು ಆಚೆ ದಂಡೆಯಲ್ಲಿ ಮುಳುಗಿದವನಿಗೆ ಕಿವಿಯ ಹತ್ತಿರವೇ ಆದಂತೆ ಕೇಳುವದು. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಹೋದರೆ, ಸಮುದ್ರದ ನೀರಿನಲ್ಲಿ ಸುಮಾರು 1500 ಮೀಟರು ಹೋಗುತ್ತದೆ. ನೀರಿನಲ್ಲಿ ಶಬ್ದದ ವೇಗವನ್ನು 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲಾಡೊನ್ ಎಂಬವರು ಅಳೆದ ರೀತಿ ಸೊಗಸಾಗಿದೆ. ಒಂದು ದೋಣಿಯಿಂದ ನೀರೊಳಗೆ ಗಂಟೆ ಬಾರಿಸಿ, ಅದೇ ಕ್ಷಣಕ್ಕೆ ಮೇಲೆ ಮದ್ದು ಸುಟ್ಟು ಬೆಳಕು ತೋರಿಸಿದರು. 13 ಕಿಲೋಮೀಟರಿಗೂ ಹೆಚ್ಚು ದೂರದ ಇನ್ನೊಂದು ದೋಣಿಯಲ್ಲಿ ಕೊಲಾಡೊನ್ ನೀರಿಗೆ ಕೊಳವೆ ಇಳಿಸಿ ಕಿವಿಗೊಟ್ಟು ಕುಳಿತಿದ್ದರು. ಬೆಳಕು ಕಂಡ ಮೇಲೆ ಗಂಟೆಯ ಸದ್ದು ಮುಟ್ಟಲು ಒಂಬತ್ತು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯಿತು. ಮಿಂಚು ಕಂಡ ಮೇಲೆ ಗುಡುಗು ಬರುವವರೆಗೆ ನಾವು ಎಣಿಸುತ್ತೇವಲ್ಲ, ಅದೇ ಲೆಕ್ಕ!

ಇಂದು ಕೊಳವೆಯ ಬದಲಿಗೆ ‘ಹೈಡ್ರೋಫೋನ್’ ಇದೆ. ಎಂದರೆ ನೀರಿನೊಳಗಿನ ಮೈಕು. ನಿಮ್ಮ ಮನೆಯ ಗ್ಯಾಸಿನ ಲೈಟರನ್ನು ಒತ್ತಿದಾಗ ಕಿಡಿ ಹಾರುವದನ್ನು ನೋಡಿದ್ದೀರಿ. ಅದರೊಳಗಿನ ವಸ್ತುವಿಗೆ ಪೆಟ್ಟು ಬಿದ್ದೊಡನೆ ವಿದ್ಯುತ್ತು ಹುಟ್ಟುವದು. ಹೈಡ್ರೋಫೋನಿನಲ್ಲಿಯೂ ಅಂಥದೇ ವಸ್ತುವಿದೆ. ಶಬ್ದದ ಅಲೆ ಬಂದು ಒತ್ತಿದಂತೆಲ್ಲ ಅದರಲ್ಲಿ ಅತಿ ಸಣ್ಣ ವಿದ್ಯುತ್ತು ಏಳುತ್ತದೆ. ಅದನ್ನು ಬರೆದಿಡುವ ಯಂತ್ರ, ಬ್ಯಾಟರಿ ಎಲ್ಲವನ್ನೂ ನೀರು ಹೋಗದ ಡಬ್ಬಿಯಲ್ಲಿಟ್ಟು, ಭಾರ ಕಟ್ಟಿ ಸಮುದ್ರದ ತಳದಲ್ಲಿ ಬಿಡುತ್ತಾರೆ. ತಿಂಗಳುಗಟ್ಟಲೆ ಅದು ಅಲ್ಲಿಯೇ ಕುಳಿತು ಕೇಳುತ್ತದೆ. ಆಮೇಲೆ ಹೊರತೆಗೆದು, ಶಬ್ದವನ್ನು ಚಿತ್ರವಾಗಿ ಮಾರ್ಪಡಿಸುವರು. ಆ ಚಿತ್ರದಲ್ಲಿ ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಸ್ವರದ ಏರಿಕೆ. ಪ್ರತಿಯೊಂದು ಜಾತಿಯ ಕೂಗಿಗೂ ಅದರದೇ ಗೆರೆ ಮೂಡುವದರಿಂದ, ಕೈಬರಹ ಗುರುತಿಸಿದಂತೆ ಅದನ್ನು ಗುರುತಿಸಬಹುದು. ನೀಲಿ ತಿಮಿಂಗಿಲದ ಕೆಲವು ಸ್ವರಗಳು ಮನುಷ್ಯರ ಕಿವಿಗೆ ಕೇಳದಷ್ಟು ತಗ್ಗಿನವು. ಅಂಥಲ್ಲಿ ಈ ಚಿತ್ರವೇ ಗತಿ.

ಇದರಿಂದ ಆದ ಲಾಭವೇನೆಂದು ಪಾಲಕರು ಕೇಳಬಹುದು. ಬೂದು ತಿಮಿಂಗಿಲವೆಂಬುದು ಪೆಸಿಫಿಕ್ ಸಾಗರದ ಪ್ರಾಣಿ. ಬೇಸಿಗೆಯಲ್ಲಿ ಉತ್ತರ ಧ್ರುವದ ಕಡೆ ಮೇಯ್ದು, ಚಳಿಗಾಲಕ್ಕೆ ಮೆಕ್ಸಿಕೋದ ಬೆಚ್ಚನೆಯ ನೀರಿಗೆ ಇಳಿದು ಬರುವದು ಅದರ ವಾಡಿಕೆ. ಆದರೆ 2003-04ರ ಚಳಿಗಾಲದಲ್ಲಿ ಅಲಾಸ್ಕದ ಬ್ಯಾರೋ ಊರಿನ ಹತ್ತಿರ ಇಟ್ಟಿದ್ದ ಯಂತ್ರಗಳಲ್ಲಿ ಚಳಿಗಾಲದುದ್ದಕ್ಕೂ ಅವುಗಳ ಕೂಗು ಸಿಕ್ಕಿತು! ಕೆಲವು ದಕ್ಷಿಣಕ್ಕೆ ಹೋಗಿರಲೇ ಇಲ್ಲ. ಅಂಥ ಕತ್ತಲೆಯಲ್ಲಿ, ಹಿಮದಲ್ಲಿ ಯಾವ ಮನುಷ್ಯನು ಎಣಿಸಲು ನಿಂತಾನು? ಈ ತಿಮಿಂಗಿಲಗಳು 2016ರಲ್ಲಿ ಸುಮಾರು 27,000 ಇದ್ದವು. 2025ರ ಅಂದಾಜಿನಲ್ಲಿ ಸುಮಾರು 13,000ಕ್ಕೆ ಇಳಿದಿವೆ. ಅವು ಎಲ್ಲಿ ಮೇಯುತ್ತವೆ, ಎಲ್ಲಿ ಇರುತ್ತವೆ ಎಂಬುದು ಈಗ ಬರಿಯ ಕುತೂಹಲದ ಪ್ರಶ್ನೆಯಾಗಿ ಉಳಿದಿಲ್ಲ.

ಬ್ಯಾರೋದ ಆ ಕೂಗುಗಳನ್ನು ಅಭ್ಯಾಸ ಮಾಡಿದವರಲ್ಲಿ ಒಬ್ಬರಾದ ಕ್ಯಾಥ್ಲೀನ್ ಸ್ಟಾಫರ್ಡ್ ಅವರ ಜೊತೆಗೂಡಿ ದಿವ್ಯಾ ಪಣಿಕ್ಕರ್ ಅವರು ನಮ್ಮ ಅರಬ್ಬೀ ಸಮುದ್ರದಲ್ಲಿಯೂ ಕಿವಿಗೊಟ್ಟರು. 2018ರ ಕೊನೆಯಿಂದ 2020ರ ಆರಂಭದವರೆಗೆ ಲಕ್ಷದ್ವೀಪದ ಕವರತ್ತಿಯ ಹತ್ತಿರ ಯಂತ್ರಗಳಿದ್ದವು. (ಇದೇ ಲಕ್ಷದ್ವೀಪದ ಉತ್ತರ ಭಾಗದ ಅಮಿನಿ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಗಡಿಯಲ್ಲಿರುವ ನಮಗೆ ಇಂಥ ಮಾತು ಬೇಗ ನೆನಪಾಗುವದು.) ಅಲ್ಲಿ ನೀಲಿ ತಿಮಿಂಗಿಲದ ಹಾಡು ಸಿಕ್ಕಿತು, ಅದೂ ಹೆಚ್ಚಾಗಿ ಎಪ್ರಿಲ್, ಮೇ ತಿಂಗಳಲ್ಲಿ. ಆ ಹಾಡು ಶ್ರೀಲಂಕೆಯ ಕಡೆ ಕೇಳಿಬರುವ ಧಾಟಿಯದು. ಮಡಗಾಸ್ಕರದ ಕಡೆಯವುಗಳ ಧಾಟಿ ಬೇರೆ. ಸೊಲ್ಲಾಪುರದ ಬಸ್ ನಿಲ್ದಾಣದಲ್ಲಿ ಬೆನ್ನು ತಿರುಗಿಸಿ ನಿಂತಿದ್ದರೂ, ಮಾತು ಕೇಳಿದೊಡನೆ ಇವರು ಅಕ್ಕಲಕೋಟದವರು, ಇವರು ಮೈಸೂರ ಕಡೆಯವರು ಎಂದು ನಾವು ಹೇಳುವದಿಲ್ಲವೇ? ಹಾಗೆಯೇ ಇದು.

ಗೂನುಬೆನ್ನಿನ ತಿಮಿಂಗಿಲದ್ದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. ಈ ಜಾತಿಯಲ್ಲಿ ಹಾಡುವವು ಗಂಡುಗಳು. ಅರಬ್ಬೀ ಸಮುದ್ರದಲ್ಲಿರುವವು ಇತರ ಕಡೆಯವುಗಳಂತೆ ಧ್ರುವದ ಕಡೆ ವಲಸೆ ಹೋಗದೆ ವರ್ಷವಿಡೀ ಇಲ್ಲಿಯೇ ಇರುತ್ತವೆ. 1966ರಲ್ಲಿ ಸೋವಿಯತ್ ಹಡಗುಗಳು ಇಲ್ಲಿ ಕಾಯಿದೆ ಮೀರಿ ಇನ್ನೂರಕ್ಕೂ ಹೆಚ್ಚು ತಿಮಿಂಗಿಲಗಳನ್ನು ಕೊಂದವು. ಆ ಗುಟ್ಟು ಬಯಲಾದದ್ದು 1990ರ ದಶಕದಲ್ಲಿ. ಈಗ ಓಮಾನ್ ತೀರದಲ್ಲಿ ನೂರಕ್ಕಿಂತ ಕಡಿಮೆ ಇವೆಯೆಂದು ಅಂದಾಜು. ಗೋವೆಯ ಹತ್ತಿರದ ನೀರಿನಲ್ಲಿ ಅವುಗಳ ಹಾಡು ಯಂತ್ರಕ್ಕೆ ಸಿಕ್ಕಿದ್ದು 2019ರ ಹೊತ್ತಿಗೆ ಪ್ರಕಟವಾಯಿತು. ಎಂದರೆ ನಮ್ಮ ದಂಡೆಗೂ ಅವು ಬರುತ್ತವೆ.

ಅಡ್ಡಿಯಿರುವದು ಗದ್ದಲದ್ದು. ದೊಡ್ಡ ಹಡಗಿನ ಹುಟ್ಟುಚಕ್ರದ ಸದ್ದು ತಿಮಿಂಗಿಲಗಳು ಬಳಸುವ ತಗ್ಗಿನ ಸ್ವರಗಳಲ್ಲಿಯೇ ತುಂಬಿಕೊಳ್ಳುತ್ತದೆ. 2001ರ ಸೆಪ್ಟೆಂಬರ್ 11ರ ಘಟನೆಯ ನಂತರ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಓಡಾಟ ಇಳಿಯಿತು. ಆ ದಿನಗಳಲ್ಲಿ ಅಲ್ಲಿಯ ತಿಮಿಂಗಿಲಗಳ ಸಗಣಿಯನ್ನು ಪರೀಕ್ಷಿಸಿದಾಗ, ದೇಹದ ಒತ್ತಡವನ್ನು ತೋರಿಸುವ ರಸವೂ ಕಡಿಮೆಯಾಗಿದ್ದುದು ಕಂಡಿತು. ಮುಂಬಯಿಗೂ ಮಂಗಳೂರಿಗೂ ಹೋಗುವ ಹಡಗುಗಳ ಸದ್ದನ್ನೂ ಗೂನುಬೆನ್ನಿನ ಆ ಹಾಡುಗಾರರನ್ನೂ ಈ ಯಂತ್ರಗಳು ಒಂದೇ ಪಟ್ಟಿಯಲ್ಲಿ ಬರೆದಿಡುತ್ತವೆ.