ಮನೆಯ ಜಾಲ ಸಂಗ್ರಹ ಸಾಧನಕ್ಕೆ ಯು.ಪಿ.ಎಸ್. ಜೋಡಣೆ: ಸಾರ್ವಜನಿಕರಿಗೆ ಮಾಹಿತಿ

ವಿವಿಧ ಸೇವೆಗಳಿಗೆ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಅನೇಕರು ಪಹಣಿ, ಋಣಭಾರ ಪ್ರಮಾಣಪತ್ರ, ಜನನ ಮತ್ತು ಮರಣ ಪ್ರಮಾಣಪತ್ರ, ಅಂಕಪಟ್ಟಿ, ಕ್ರಯಪತ್ರ ಮುಂತಾದ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಮನೆಯಲ್ಲಿಯೇ ಸಂಗ್ರಹಿಸಿಟ್ಟುಕೊಳ್ಳುತ್ತಿದ್ದಾರೆ. ಇದಕ್ಕಾಗಿ ಕೆಲವು ಕುಟುಂಬಗಳು ಜಾಲ ಸಂಗ್ರಹ ಸಾಧನವನ್ನು, ಅಂದರೆ ಅಂಗಡಿಗಳಲ್ಲಿ ‘ನ್ಯಾಸ್’ ಎಂದು ಕರೆಯಲ್ಪಡುವ ಪೆಟ್ಟಿಗೆಯನ್ನು, ಬಳಸುತ್ತಿವೆ. ಎರಡು ಅಥವಾ ನಾಲ್ಕು ಹಾರ್ಡ್ ಡಿಸ್ಕ್‌ಗಳುಳ್ಳ ಈ ಸಾಧನವನ್ನು ರೌಟರ್‌ಗೆ ಜೋಡಿಸಿದಲ್ಲಿ ಮನೆಯ ಎಲ್ಲ ಗಣಕಯಂತ್ರ ಹಾಗೂ ಮೊಬೈಲ್‌ಗಳಿಂದ ಅದರಲ್ಲಿನ ಕಡತಗಳನ್ನು ನೋಡಬಹುದಾಗಿರುತ್ತದೆ. ಹಗಲಿರುಳೂ ಚಾಲನೆಯಲ್ಲಿರುವ ಈ ಸಾಧನಕ್ಕೆ ವಿದ್ಯುತ್ ಕಡಿತದಿಂದ ಆಗುವ ಹಾನಿ ಹಾಗೂ ಅದನ್ನು ತಡೆಯಲು ಯು.ಪಿ.ಎಸ್. ಅನ್ನು ಜೋಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ವಿದ್ಯುತ್ ಕಡಿತದಿಂದ ಆಗುವ ಹಾನಿ

ನಾವು ಒಂದು ಕಡತವನ್ನು ಉಳಿಸಿದ ಕೂಡಲೇ ಅದು ಡಿಸ್ಕ್‌ನ ಮೇಲೆ ಬರೆಯಲ್ಪಟ್ಟಿದೆ ಎಂದು ಭಾವಿಸುವುದು ಸಹಜ. ವಾಸ್ತವವಾಗಿ ಸಾಧನವು ವೇಗದ ದೃಷ್ಟಿಯಿಂದ ಅದನ್ನು ಮೊದಲು ತನ್ನ ತಾತ್ಕಾಲಿಕ ಸ್ಮರಣೆಯಲ್ಲಿ ಇರಿಸಿಕೊಂಡು, ಸ್ವಲ್ಪ ಹೊತ್ತಿನ ನಂತರ ಡಿಸ್ಕ್‌ಗೆ ಬರೆಯುತ್ತದೆ. ಆ ನಡುವೆ ವಿದ್ಯುತ್ ಹೋದಲ್ಲಿ, ರೋಜುಪುಸ್ತಕದಲ್ಲಿ ಬರೆದು ಖಾತೆಗೆ ಏರಿಸದೆ ಬಿಟ್ಟ ನಮೂದಿನಂತೆ ಆ ಕಡತದ ಸ್ಥಿತಿ ಆಗುತ್ತದೆ. ಲೆಕ್ಕದಲ್ಲಾದರೆ ರೋಜುಪುಸ್ತಕವಾದರೂ ಉಳಿದಿರುತ್ತದೆ. ಇಲ್ಲಿ ಅದೂ ಅಳಿಸಿಹೋಗಿರುತ್ತದೆ. ಒಂದಕ್ಕಿಂತ ಹೆಚ್ಚು ಡಿಸ್ಕ್‌ಗಳಿರುವಲ್ಲಿ ಒಂದರ ಮೇಲೆ ಬರೆದು ಇನ್ನೊಂದರ ಮೇಲೆ ಬರೆಯುವಷ್ಟರಲ್ಲಿ ಸಾಧನ ನಿಂತುಹೋಗುವ ಸಾಧ್ಯತೆಯೂ ಇದೆ. ಅಂತಹ ಸಂದರ್ಭದಲ್ಲಿ ಪುನಃ ಚಾಲೂ ಮಾಡಿದ ಮೇಲೆ ಡಿಸ್ಕ್‌ಗಳನ್ನು ಪರಸ್ಪರ ತಾಳೆ ನೋಡುವ ಕಾರ್ಯ ಆರಂಭವಾಗಿ, ಡಿಸ್ಕ್‌ನ ಗಾತ್ರವನ್ನು ಅನುಸರಿಸಿ ಹಲವು ಗಂಟೆಗಳ ಕಾಲ ನಡೆಯುತ್ತದೆ.

ಯು.ಪಿ.ಎಸ್. ಖರೀದಿಸಿದ ಮಾತ್ರಕ್ಕೆ ಈ ತೊಂದರೆ ತಪ್ಪುವುದಿಲ್ಲ. ಈ ಲೇಖನವನ್ನು ಸಿದ್ಧಪಡಿಸಿದ ಶಾಖಾಧಿಕಾರಿಯ ಮನೆಯಲ್ಲಿಯೇ ಇದು ಅನುಭವಕ್ಕೆ ಬಂದಿದೆ. ಕುಟುಂಬದ ವಿಭಾಗಕ್ಕೆ ಸಂಬಂಧಿಸಿದ ಹಳೆಯ ಕಾಗದಗಳನ್ನು ಒಂದು ಸಂಜೆ ಸ್ಕ್ಯಾನ್ ಮಾಡಿ, ಮೂಲಪ್ರತಿಗಳನ್ನು ಅಂದೇ ತಂಗಿಯವರೊಂದಿಗೆ ಅವರ ಊರಿಗೆ ಕಳುಹಿಸಲಾಗಿತ್ತು. ರಾತ್ರಿ ಮಳೆಗೆ ವಿದ್ಯುತ್ ಹೋಯಿತು. ಸಾಧನವು ಯು.ಪಿ.ಎಸ್. ಮೇಲೆ ಸುಮಾರು ಮುಕ್ಕಾಲು ಗಂಟೆ ನಡೆಯಿತು. ಬ್ಯಾಟರಿ ಮುಗಿದೊಡನೆ, ಯು.ಪಿ.ಎಸ್. ಇಲ್ಲದಿದ್ದರೆ ಹೇಗೆ ನಿಲ್ಲುತ್ತಿತ್ತೋ ಹಾಗೆಯೇ ನಿಂತಿತು. ಮರುದಿನ ಆ ಕಡತಕೋಶ ತೆರೆಯಲಿಲ್ಲ. ಮೂಲಪ್ರತಿಗಳನ್ನು ಪುನಃ ತರಿಸಿ ಸ್ಕ್ಯಾನ್ ಮಾಡಿ ಅರ್ಜಿ ಸಲ್ಲಿಸುವ ವೇಳೆಗೆ ಒಂದು ವಾರ ಕಳೆಯಿತು. ಯು.ಪಿ.ಎಸ್.ನೊಂದಿಗೆ ಬಂದಿದ್ದ ದತ್ತಾಂಶ ತಂತಿಯು ಬಿಚ್ಚದ ಪ್ಲಾಸ್ಟಿಕ್ ಚೀಲದಲ್ಲಿ ಡಬ್ಬಿಯೊಳಗೇ ಇತ್ತು.

ಆದ್ದರಿಂದ ಸಾರ್ವಜನಿಕರು ಗಮನಿಸಬೇಕಾದ ಮುಖ್ಯ ಅಂಶವೇನೆಂದರೆ, ಯು.ಪಿ.ಎಸ್. ವಿದ್ಯುತ್ ಕೊಡುವುದು ಅರ್ಧ ಕೆಲಸ ಮಾತ್ರ. ವಿದ್ಯುತ್ ಹೋಗಿದೆ ಎಂಬ ಸಂಗತಿಯನ್ನು ಅದು ಸಂಗ್ರಹ ಸಾಧನಕ್ಕೆ ತಿಳಿಸಬೇಕು, ಮತ್ತು ಸಾಧನವು ತನ್ನ ಕಡತಗಳನ್ನು ಮುಚ್ಚಿ ತಾನಾಗಿಯೇ ನಿಲ್ಲಬೇಕು. ಈ ಉಳಿದರ್ಧವನ್ನು ಮಾಡಿಸುವುದು ಆ ಒಂದು ತಂತಿ ಮತ್ತು ಕೆಲವು ನಿಮಿಷಗಳ ಹೊಂದಾಣಿಕೆ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಸಾಲದೇ?

ಈ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ರಾಜ್ಯದ ಹಲವು ಮನೆಗಳಲ್ಲಿ ದೊಡ್ಡ ಟ್ಯೂಬುಲರ್ ಬ್ಯಾಟರಿಯ ಇನ್ವರ್ಟರ್ ಈಗಾಗಲೇ ಇದ್ದು, ಅದು ಗಂಟೆಗಟ್ಟಲೆ ದೀಪ ಹಾಗೂ ಫ್ಯಾನುಗಳನ್ನು ನಡೆಸುತ್ತದೆ. ಆದರೆ ಸಾಮಾನ್ಯ ಇನ್ವರ್ಟರ್‌ಗೆ ದತ್ತಾಂಶ ತಂತಿಯ ಸೌಲಭ್ಯ ಇರುವುದಿಲ್ಲ. ತನ್ನ ಬ್ಯಾಟರಿ ಮುಗಿಯುತ್ತಿದೆ ಎಂಬುದನ್ನು ಅದು ಕೂಗುವ ಸದ್ದಿನಿಂದ ಮನುಷ್ಯರಿಗೆ ತಿಳಿಸಬಲ್ಲುದೇ ಹೊರತು ಯಂತ್ರಕ್ಕೆ ತಿಳಿಸಲಾರದು. ಇದಲ್ಲದೆ ವಿದ್ಯುತ್ ಹೋಗಿ ಇನ್ವರ್ಟರ್ ವಹಿಸಿಕೊಳ್ಳುವ ನಡುವಿನ ಕ್ಷಣಾರ್ಧದ ಅಂತರದಲ್ಲಿಯೇ ಕೆಲವು ಸಾಧನಗಳು ಮರುಚಾಲನೆಗೊಳ್ಳುವುದುಂಟು.

ಇನ್ವರ್ಟರ್ ಇರುವವರು ಅದರ ಲೈನಿನಲ್ಲಿ ಒಂದು ಚಿಕ್ಕ ಯು.ಪಿ.ಎಸ್. ಅಳವಡಿಸಿ, ಅದಕ್ಕೆ ಸಂಗ್ರಹ ಸಾಧನವನ್ನು ಜೋಡಿಸುವುದು ಉತ್ತಮ. ಹೀಗೆ ಮಾಡಿದಲ್ಲಿ ದೀರ್ಘ ಕಡಿತವನ್ನು ಇನ್ವರ್ಟರ್ ಹೊರುತ್ತದೆ. ಇನ್ವರ್ಟರ್ ಸಹ ಕೈಬಿಟ್ಟಾಗ ಮಾತ್ರ ಯು.ಪಿ.ಎಸ್. ತನ್ನ ಬ್ಯಾಟರಿಗೆ ಬದಲಾಗಿ ಸಾಧನಕ್ಕೆ ಸೂಚನೆ ಕೊಡುತ್ತದೆ. ಇದಕ್ಕೆ ಇನ್ವರ್ಟರ್ ‘ಸೈನ್ ವೇವ್’ ಮಾದರಿಯದ್ದಾಗಿರಬೇಕು. ಹಳೆಯ ‘ಸ್ಕ್ವೇರ್ ವೇವ್’ ಇನ್ವರ್ಟರ್‌ನ ವಿದ್ಯುತ್ತನ್ನು ಅನೇಕ ಯು.ಪಿ.ಎಸ್.ಗಳು ಸರಿಯಾದ ವಿದ್ಯುತ್ತೆಂದು ಒಪ್ಪದೆ, ಇನ್ವರ್ಟರ್ ನಡೆಯುತ್ತಿದ್ದರೂ ತಮ್ಮ ಬ್ಯಾಟರಿಯನ್ನೇ ಖರ್ಚು ಮಾಡುತ್ತವೆ.

ಯು.ಪಿ.ಎಸ್. ಆಯ್ಕೆ

ಅಂಗಡಿಗಳಲ್ಲಿ ಯು.ಪಿ.ಎಸ್. ಅನ್ನು ವಿ.ಎ. ಲೆಕ್ಕದಲ್ಲಿ ಮಾರುತ್ತಾರೆ. 600 ವಿ.ಎ. ಎಂದರೆ 600 ವ್ಯಾಟ್ ಅಲ್ಲ. ಮನೆಬಳಕೆಯ ಮಾದರಿಗಳಲ್ಲಿ ಅದು ಸಾಮಾನ್ಯವಾಗಿ 360 ವ್ಯಾಟ್. ಎರಡು ಡಿಸ್ಕ್‌ಗಳ ಸಂಗ್ರಹ ಸಾಧನಕ್ಕೆ 25 ವ್ಯಾಟ್, ರೌಟರ್ ಹಾಗೂ ಫೈಬರ್ ಪೆಟ್ಟಿಗೆಗೆ ಒಟ್ಟು 20 ವ್ಯಾಟ್ ಎಂದು ಹಿಡಿದರೂ 45 ವ್ಯಾಟ್ ಆಗುವುದರಿಂದ ಸಾಮರ್ಥ್ಯದ ಕೊರತೆ ಬರುವುದಿಲ್ಲ.

ಎಷ್ಟು ಹೊತ್ತು ನಡೆಯುತ್ತದೆ ಎಂಬುದನ್ನು ನಿರ್ಧರಿಸುವುದು ಬ್ಯಾಟರಿ. ಇಂತಹ ಯು.ಪಿ.ಎಸ್.ಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ. ಗುಣಿಸಿದರೆ 84 ವ್ಯಾಟ್-ಗಂಟೆ. ಪರಿವರ್ತನೆಯಲ್ಲಿ ಆಗುವ ನಷ್ಟವನ್ನೂ ಸೀಸದ ಬ್ಯಾಟರಿಯ ಸ್ವಭಾವವನ್ನೂ ಗಮನದಲ್ಲಿರಿಸಿ ಅರ್ಧವನ್ನು ಮಾತ್ರ ಜಮೆ ಹಿಡಿಯುವುದು ಕ್ಷೇಮ. 42 ವ್ಯಾಟ್-ಗಂಟೆಯನ್ನು 45 ವ್ಯಾಟ್‌ನಿಂದ ಭಾಗಿಸಿದರೆ ಒಂದು ಗಂಟೆಗಿಂತ ಸ್ವಲ್ಪ ಕಡಿಮೆ ಸಿಗುತ್ತದೆ. ಇದು ಹೊಸ ಬ್ಯಾಟರಿಯ ಮಾತು. ಹಳತಾದಂತೆ ಈ ಅವಧಿ ತೀವ್ರವಾಗಿ ಇಳಿಯುತ್ತದೆ. ಸಾಧನವು ನಿಲ್ಲಲು ಬೇಕಾಗುವುದು ಕೆಲವೇ ನಿಮಿಷಗಳಾದ್ದರಿಂದ ಹೆಚ್ಚು ಸಾಮರ್ಥ್ಯಕ್ಕಾಗಿ ಹಣ ವ್ಯಯಿಸುವ ಅಗತ್ಯವಿಲ್ಲ.

ಹಣ ವ್ಯಯಿಸಬೇಕಾದುದು ದತ್ತಾಂಶ ಕಿಂಡಿಗಾಗಿ. ಕಡಿಮೆ ಬೆಲೆಯ ಅನೇಕ ಮಾದರಿಗಳಲ್ಲಿ ಯು.ಎಸ್.ಬಿ. ಕಿಂಡಿಯೇ ಇರುವುದಿಲ್ಲ. ಇನ್ನು ಕೆಲವದರಲ್ಲಿ ಇರುವ ಕಿಂಡಿ ಮೊಬೈಲ್ ಚಾರ್ಜ್ ಮಾಡಲು ಮಾತ್ರ. ಖರೀದಿಗೆ ಮುನ್ನ ಹಿಂಬದಿಯನ್ನು ನೋಡಿ, ಪ್ರಿಂಟರ್‌ಗೆ ಹಾಕುವಂತಹ ಚೌಕಾಕಾರದ ಯು.ಎಸ್.ಬಿ. ಕಿಂಡಿ ಅಥವಾ ತಯಾರಕರು ಕೊಟ್ಟ ವಿಶೇಷ ತಂತಿಯ ಕಿಂಡಿ ಇದೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು. ನಂತರ ಸಂಗ್ರಹ ಸಾಧನದ ತಯಾರಕರು ಪ್ರಕಟಿಸುವ ಹೊಂದಾಣಿಕೆಯ ಪಟ್ಟಿಯಲ್ಲಿ ಆ ಮಾದರಿಯ ಹೆಸರನ್ನು ಹುಡುಕುವುದು. ಭಾರತೀಯ ಮಾನಕ ಐ.ಎಸ್. 16242 (ಭಾಗ 1)ರ ನೋಂದಣಿ ಚಿಹ್ನೆಯನ್ನೂ ನೋಡಿಕೊಳ್ಳಬೇಕು.

ಜೋಡಿಸುವ ಕ್ರಮ

ಮೊದಲು ಸಂಗ್ರಹ ಸಾಧನವನ್ನು ಅದರ ತಂತ್ರಾಂಶದ ಮೂಲಕವೇ ನಿಲ್ಲಿಸಬೇಕು. ಸಾಗಣೆಯ ಸುರಕ್ಷತೆಗಾಗಿ ಕೆಲವು ಯು.ಪಿ.ಎಸ್.ಗಳ ಬ್ಯಾಟರಿಯ ಒಂದು ತಂತಿಯನ್ನು ಬಿಡಿಸಿಟ್ಟಿರುತ್ತಾರೆ. ಕೈಪಿಡಿಯಂತೆ ಅದನ್ನು ಸೇರಿಸಿ, ಯು.ಪಿ.ಎಸ್. ಅನ್ನು ಭೂಸಂಪರ್ಕವುಳ್ಳ ಮೂರು ಪಿನ್ನಿನ ಸಾಕೆಟ್‌ಗೆ ಹಾಕಿ ಒಂದು ರಾತ್ರಿ ಚಾರ್ಜ್ ಆಗಲು ಬಿಡುವುದು. ಹಿಂಬದಿಯ ಸಾಕೆಟ್‌ಗಳಲ್ಲಿ ಕೆಲವಕ್ಕೆ ಮಾತ್ರ ಬ್ಯಾಟರಿಯ ಆಸರೆ ಇದ್ದು, ಉಳಿದವು ವೋಲ್ಟೇಜ್ ಏರಿಕೆಯಿಂದಷ್ಟೇ ರಕ್ಷಿಸುವ ಮಾದರಿಗಳೂ ಇವೆ. ‘ಬ್ಯಾಟರಿ ಬ್ಯಾಕಪ್’ ಎಂದು ಬರೆದಿರುವ ಕಡೆಗೇ ಸಂಗ್ರಹ ಸಾಧನ ಹಾಗೂ ರೌಟರ್‌ಗಳನ್ನು ಜೋಡಿಸಬೇಕು. ಲೇಸರ್ ಪ್ರಿಂಟರ್ ಅನ್ನು ಅಲ್ಲಿಗೆ ಹಾಕಬಾರದು. ಅದು ಬಿಸಿಯಾಗುವಾಗ ಎಳೆಯುವ ವಿದ್ಯುತ್ತನ್ನು ಚಿಕ್ಕ ಯು.ಪಿ.ಎಸ್. ತಾಳಲಾರದು.

ತದನಂತರ ದತ್ತಾಂಶ ತಂತಿಯ ಒಂದು ತುದಿಯನ್ನು ಯು.ಪಿ.ಎಸ್.ಗೂ ಮತ್ತೊಂದು ತುದಿಯನ್ನು ಸಂಗ್ರಹ ಸಾಧನದ ಯು.ಎಸ್.ಬಿ. ಕಿಂಡಿಗೂ ಹಾಕಬೇಕು. ಕೆಲವು ಯು.ಪಿ.ಎಸ್.ಗಳ ದತ್ತಾಂಶ ಕಿಂಡಿಯು ನೋಡಲು ಲ್ಯಾನ್ ತಂತಿಯ ಕಿಂಡಿಯಂತೆಯೇ ಇರುತ್ತದೆ. ಅದಕ್ಕೆ ಲ್ಯಾನ್ ತಂತಿಯನ್ನು ಹಾಕಬಾರದು. ಡಬ್ಬಿಯಲ್ಲಿ ಬಂದ ತಂತಿಯನ್ನೇ ಬಳಸಬೇಕು.

ಸಾಧನದಲ್ಲಿ ಮಾಡಬೇಕಾದ ಹೊಂದಾಣಿಕೆ

ಸಾಧನವನ್ನು ಚಾಲೂ ಮಾಡಿ ಅದರ ನಿಯಂತ್ರಣ ಪುಟವನ್ನು ತೆರೆಯಬೇಕು. ಸಿನಾಲಜಿ ಸಾಧನಗಳಲ್ಲಿ ‘ಕಂಟ್ರೋಲ್ ಪ್ಯಾನೆಲ್’ನ ‘ಹಾರ್ಡ್‌ವೇರ್ ಮತ್ತು ಪವರ್’ ಭಾಗದಲ್ಲಿಯೂ, ಕ್ಯೂನ್ಯಾಪ್ ಸಾಧನಗಳಲ್ಲಿ ‘ಎಕ್ಸ್‌ಟರ್ನಲ್ ಡಿವೈಸ್’ ಭಾಗದಲ್ಲಿಯೂ ಯು.ಪಿ.ಎಸ್. ಎಂಬ ಪುಟವಿರುತ್ತದೆ. ಅಲ್ಲಿ ಯು.ಪಿ.ಎಸ್. ಬೆಂಬಲವನ್ನು ಸಕ್ರಿಯಗೊಳಿಸಿದಾಗ ಮಾದರಿಯ ಹೆಸರು ಮತ್ತು ಬ್ಯಾಟರಿಯ ಮಟ್ಟ ಕಾಣಿಸಿಕೊಂಡರೆ ತಂತಿ ಕೆಲಸ ಮಾಡುತ್ತಿದೆ ಎಂದರ್ಥ.

ಸಾಧನವು ಎಷ್ಟು ಹೊತ್ತಿನ ನಂತರ ನಿಲ್ಲಬೇಕು ಎಂದು ಅಲ್ಲಿಯೇ ಕೇಳಲಾಗುತ್ತದೆ. ಬ್ಯಾಟರಿ ಮುಗಿಯುವವರೆಗೆ ನಡೆಯಲಿ ಎಂಬ ಆಯ್ಕೆ ಮೇಲ್ನೋಟಕ್ಕೆ ಲಾಭದಾಯಕವಾಗಿ ಕಂಡರೂ ಅದನ್ನು ಆರಿಸದಿರಲು ಸಲಹೆ ನೀಡಲಾಗಿದೆ. ಹಳೆಯ ಬ್ಯಾಟರಿಯು ಅರ್ಧ ತುಂಬಿದೆ ಎಂದು ತೋರಿಸುತ್ತಲೇ ಹಠಾತ್ತನೆ ಕುಸಿಯಬಹುದು. ಐದು ನಿಮಿಷ ಎಂದು ನಮೂದಿಸುವುದು ಸೂಕ್ತ. ಕಣ್ಣುಮಿಟುಕಿಸುವಂತಹ ಚಿಕ್ಕ ಕಡಿತಗಳು ಅಷ್ಟರಲ್ಲಿ ಮುಗಿದಿರುತ್ತವೆ. ಮುಗಿಯದಿದ್ದಲ್ಲಿ ಸಾಧನವು ಸಾವಕಾಶವಾಗಿ ಕಡತಗಳನ್ನು ಮುಚ್ಚಿ ನಿಲ್ಲುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ವಿದ್ಯುತ್ ಮರಳಿದಾಗ ತಾನಾಗಿ ಚಾಲೂ ಆಗುವ ಆಯ್ಕೆಯನ್ನು ಆರಿಸಿದ್ದರೂ ಕೆಲವೊಮ್ಮೆ ಸಾಧನ ಏಳುವುದಿಲ್ಲ. ಸಾಧನ ನಿಂತ ಮೇಲೂ ಯು.ಪಿ.ಎಸ್. ಅದಕ್ಕೆ ವಿದ್ಯುತ್ ಕೊಡುತ್ತಲೇ ಇದ್ದು, ಅಷ್ಟರಲ್ಲಿ ಲೈನ್ ಬಂದರೆ, ಸಾಧನದ ಪಾಲಿಗೆ ವಿದ್ಯುತ್ ಹೋಗಿಯೂ ಇಲ್ಲ, ಬಂದೂ ಇಲ್ಲ. ಆದ್ದರಿಂದ ಸಾಧನ ನಿಂತ ಬಳಿಕ ಯು.ಪಿ.ಎಸ್. ಸಹ ತನ್ನ ಹೊರಗಿಂಡಿಯನ್ನು ಆರಿಸುವ ಆಯ್ಕೆ ಲಭ್ಯವಿದ್ದಲ್ಲಿ ಅದನ್ನೂ ಗುರುತು ಮಾಡಬೇಕು. ಊರಿಗೆ ಹೋದಾಗ ದೂರದಿಂದ ಕಡತ ತೆರೆಯಲು ಬಯಸುವವರಿಗೆ ಇದು ಮುಖ್ಯ. ಆದರೆ ಅದೇ ಯು.ಪಿ.ಎಸ್. ಮೇಲಿರುವ ರೌಟರ್ ಕೂಡ ಆಗ ಆರುತ್ತದೆ ಎಂಬುದು ನೆನಪಿನಲ್ಲಿರಲಿ.

ಎರಡನೆಯ ಗಣಕಯಂತ್ರವೊಂದು ಅದೇ ಯು.ಪಿ.ಎಸ್. ಮೇಲಿದ್ದರೆ, ತಂತಿ ಒಂದೇ ಇದ್ದರೂ ಸಂಗ್ರಹ ಸಾಧನವು ಜಾಲದ ಮೂಲಕ ಅದಕ್ಕೆ ಸೂಚನೆ ರವಾನಿಸಬಲ್ಲದು. ಆ ಗಣಕಯಂತ್ರದಲ್ಲಿ ‘ನೆಟ್‌ವರ್ಕ್ ಯು.ಪಿ.ಎಸ್. ಟೂಲ್ಸ್’ ಎಂಬ ಉಚಿತ ತಂತ್ರಾಂಶವನ್ನು ಅಳವಡಿಸಬೇಕಾಗುತ್ತದೆ. ಇದಕ್ಕೆ ರೌಟರ್ ಜೀವಂತವಾಗಿರಬೇಕು, ಅದನ್ನು ಯು.ಪಿ.ಎಸ್.ಗೆ ಜೋಡಿಸಲು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಪರೀಕ್ಷೆ

ಪರೀಕ್ಷಿಸದ ಯು.ಪಿ.ಎಸ್. ಅನ್ನು ನಂಬಬಾರದು. ಬೆಲೆಯುಳ್ಳ ಯಾವ ಕಡತವೂ ಬರೆಯಲ್ಪಡುತ್ತಿಲ್ಲದ ವೇಳೆಯಲ್ಲಿ ಗೋಡೆಯ ಸಾಕೆಟ್‌ನ ಸ್ವಿಚ್ ಅನ್ನು ಆರಿಸಿ ಕಾಯಬೇಕು. ಪ್ಲಗ್ ಅನ್ನು ಕಿತ್ತು ಪರೀಕ್ಷಿಸುವುದು ಸರಿಯಲ್ಲ. ಹಾಗೆ ಮಾಡಿದರೆ ಭೂಸಂಪರ್ಕವೂ ತಪ್ಪುತ್ತದೆ. ಸ್ವಿಚ್ ಆರಿಸಿದಾಗ ಫೇಸ್ ತಂತಿ ಮಾತ್ರ ಕಡಿತಗೊಂಡು ಭೂಸಂಪರ್ಕ ಉಳಿದಿರುತ್ತದೆ. ಯು.ಪಿ.ಎಸ್. ಕೂಗಬೇಕು, ನಮೂದಿಸಿದ ಐದು ನಿಮಿಷಕ್ಕೆ ಸಾಧನ ನಿಲ್ಲತೊಡಗಬೇಕು. ಸ್ವಿಚ್ ಹಾಕಿದ ಮೇಲೆ ಸಾಧನ ಎದ್ದು, ತನ್ನ ದಾಖಲೆ ಪುಟದಲ್ಲಿ ಈ ಘಟನೆಗಳನ್ನು ಸಮಯಸಹಿತ ತೋರಿಸಬೇಕು. ವರ್ಷಕ್ಕೆ ಎರಡು ಬಾರಿ, ಅದರಲ್ಲೂ ಮುಂಗಾರಿಗೆ ಮುನ್ನ ಒಮ್ಮೆ, ಈ ಪರೀಕ್ಷೆ ಮಾಡುವುದು ಒಳ್ಳೆಯದು.

ಯು.ಪಿ.ಎಸ್. ಮಾಡದ ಕೆಲಸ

ಡಿಸ್ಕ್ ಸವೆದು ಹಾಳಾಗುವುದನ್ನಾಗಲಿ, ಕಳ್ಳತನವನ್ನಾಗಲಿ, ಕೈತಪ್ಪಿ ಅಳಿಸಿದ ಕಡತವನ್ನಾಗಲಿ ಯು.ಪಿ.ಎಸ್. ಕಾಪಾಡದು. ಎರಡು ಡಿಸ್ಕ್‌ಗಳಲ್ಲಿ ಒಂದೇ ಮಾಹಿತಿ ಇರುವುದು ಸಹ ಪ್ರತ್ಯೇಕ ಪ್ರತಿ ಎನಿಸುವುದಿಲ್ಲ. ಒಂದರಲ್ಲಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ. ಮುಖ್ಯ ದಾಖಲೆಗಳ ಒಂದು ಪ್ರತಿಯನ್ನು ಬೇರೊಂದು ಡಿಸ್ಕ್‌ನಲ್ಲಿ, ಸಾಧ್ಯವಾದರೆ ಬೇರೊಂದು ಮನೆಯಲ್ಲಿ ಇರಿಸಬೇಕು. 2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿ ಸಂಬಂಧಿಸಿದ ಸಂಸ್ಥೆಯೇ ನೀಡಿದ ದಾಖಲೆಗಳು 2016ರ ನಿಯಮಗಳಂತೆ ಮೂಲ ದಾಖಲೆಗೆ ಸಮಾನ. ನಾವೇ ಸ್ಕ್ಯಾನ್ ಮಾಡಿ ಸೇರಿಸಿದ ಪ್ರತಿಗೆ ಆ ಸ್ಥಾನವಿಲ್ಲವಾದ್ದರಿಂದ, ಸ್ಕ್ಯಾನ್ ಪ್ರತಿ ಇದೆಯೆಂದು ಮೂಲ ಕಾಗದವನ್ನು ಅಲಕ್ಷಿಸಬಾರದು.

ಬ್ಯಾಟರಿಯ ನಿರ್ವಹಣೆ

ಯು.ಪಿ.ಎಸ್.ನ ಸೀಸದ ಬ್ಯಾಟರಿಯು ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ. ಉಷ್ಣತೆ ಅದರ ಶತ್ರು. 25 ಡಿಗ್ರಿ ಸೆಲ್ಸಿಯಸ್ ಮೇಲೆ ಪ್ರತಿ ಹತ್ತು ಡಿಗ್ರಿಗೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ರೂಢಿಯ ಲೆಕ್ಕ. ಕಲಬುರಗಿ, ರಾಯಚೂರು ಭಾಗದ ಬೇಸಿಗೆಯಲ್ಲಿ ಬಿಸಿಲು ಬೀಳುವ ಗೋಡೆಯ ಬಳಿ ಅಥವಾ ಮುಚ್ಚಿದ ಕಪಾಟಿನೊಳಗೆ ಯು.ಪಿ.ಎಸ್. ಇರಿಸಬಾರದು. ಬ್ಯಾಟರಿ ಹಾಕಿದ ತಿಂಗಳು ಮತ್ತು ವರ್ಷವನ್ನು ಚೀಟಿಯಲ್ಲಿ ಬರೆದು ಯು.ಪಿ.ಎಸ್. ಮೇಲೆ ಅಂಟಿಸುವುದು ಅನುಕೂಲಕರ. ಸೀಸ ಮತ್ತು ಆಮ್ಲ ಇರುವುದರಿಂದ ಹಳೆಯ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಹಾಕಬಾರದು. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರನ್ವಯ ಅದನ್ನು ಇತರ ತ್ಯಾಜ್ಯದಿಂದ ಬೇರ್ಪಡಿಸಿ ಸಂಗ್ರಹ ಅಥವಾ ಮರುಬಳಕೆ ವ್ಯವಸ್ಥೆಗೆ ತಲುಪಿಸುವುದು ಬಳಕೆದಾರರ ಹೊಣೆ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಮಾರಾಟಗಾರರಿಗೆ ಹಿಂತಿರುಗಿಸಿದಲ್ಲಿ ಬೆಲೆಯಲ್ಲಿ ಸ್ವಲ್ಪ ಕಡಿತವೂ ದೊರೆಯಬಹುದು; ಕೇಳಿ ಪಡೆಯುವುದು.