‘ಇನ್ನೇನೂ ಮಾಡೋಕಾಗಲ್ಲ’ ಅನ್ನೋದು ಸುಳ್ಳು ಸ್ವಾಮಿ!

‘ನಮ್ಮ ಕೈಲಿ ಇನ್ನೇನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ.’ ಕ್ಯಾನ್ಸರ್ ಹೊಕ್ಕ ಎಷ್ಟೋ ಮನೆಯವರು ಈ ಮಾತು ಕೇಳಿಸಿಕೊಂಡು ಆಸ್ಪತ್ರೆಯ ಮೆಟ್ಟಿಲು ಇಳಿದಿದ್ದಾರೆ. ಕಾಯಿಲೆ ವಾಸಿಯಾಗಲ್ಲ ಅನ್ನೋದು ನಿಜ ಇರಬಹುದು. ಆದರೆ ಏನೂ ಮಾಡೋಕಾಗಲ್ಲ ಅನ್ನೋದು ಸುಳ್ಳು. ವಾಸಿಯಾಗದ ರೋಗಿಯ ನೋವು ಇಳಿಸೋದಕ್ಕೇ ಒಂದು ವಿದ್ಯೆ ಇದೆ. ಅದಕ್ಕೆ ಉಪಶಾಮಕ ಆರೈಕೆ ಅಂತ ಹೆಸರು. ಡಾಕ್ಟರು, ನರ್ಸುಗಳು ಅದನ್ನು ಕಲಿತೇ ಮಾಡಬೇಕು. ಕಲಿತವರು ಸಾಲದಿರುವುದೇ ಈಗಿನ ತೊಂದರೆ.

ಗಡಿಯಾರ ನೋಡಿ ಮದ್ದು

ಈ ವಿದ್ಯೆಗೆ ದಾರಿ ಹಾಕಿದವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಮೊದಲು ನರ್ಸ್ ಆಗಿದ್ದವರು, ಆಮೇಲೆ ಓದಿ ಡಾಕ್ಟರಾದರು. 1967ರಲ್ಲಿ ಲಂಡನ್ನಿನಲ್ಲಿ ಕೊನೆಗಾಲದ ರೋಗಿಗಳಿಗಾಗಿಯೇ ಆಸ್ಪತ್ರೆ ತೆರೆದರು. ರೋಗಿ ಕಿರುಚೋವರೆಗೆ ಕಾಯಬೇಡಿ, ನೋವು ತಿರುಗಿ ಬರೋ ಮುಂಚೆಯೇ ಔಷಧಿ ಕೊಡಿ ಎಂಬುದು ಅವರ ಪಾಠ.

ತರಬೇತಿಯಲ್ಲಿ ಮೊದಲು ಕಲಿಸೋದೂ ಅದನ್ನೇ. ನೋವು ಎಷ್ಟಿದೆ ಅಂತ ಸೊನ್ನೆಯಿಂದ ಹತ್ತರವರೆಗೆ ರೋಗಿಯ ಬಾಯಲ್ಲೇ ಅಂಕ ಹೇಳಿಸಬೇಕು. ನೋವು ಜೋರಿದ್ದರೆ ಮಾರ್ಫಿನ್ ಮಾತ್ರೆ, ಸಾಮಾನ್ಯವಾಗಿ ನಾಲ್ಕು ಗಂಟೆಗೊಂದು ಸಲ. ಅದರಿಂದ ಮಲಬದ್ಧತೆ ಆಗೋದು ಖಂಡಿತ, ಹಾಗಾಗಿ ಜೊತೆಗೇ ಭೇದಿ ಮಾತ್ರೆ ಬರೆಯಬೇಕು. ಕೊಳೆತ ಹುಣ್ಣಿನ ನಾತಕ್ಕೆ ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಉದುರಿಸಬಹುದು. ನಾತ ಹೋದರೆ ನೆಂಟರು ಹತ್ತಿರ ಕೂರುತ್ತಾರೆ. ಇದು ಸಣ್ಣ ಮಾತಲ್ಲ.

‘ಮಾರ್ಫಿನ್ ಕೊಟ್ಟರೆ ಚಟ ಹತ್ತಲ್ವೇ?’ ಅಂತ ಮನೆಯವರು ಕೇಳ್ತಾರೆ. ನೋವಿಗೆ ತಕ್ಕಷ್ಟು, ಡಾಕ್ಟರ ನಿಗಾದಲ್ಲಿ ಕೊಟ್ಟರೆ ಚಟ ಹತ್ತೋದು ಅಪರೂಪ.

ಮಾತಾಡೋದೂ ಪಾಠವೇ

‘ಅಪ್ಪನಿಗೆ ವಿಷಯ ಹೇಳಬೇಡಿ ಡಾಕ್ಟ್ರೇ’ ಅಂತಾನೆ ಮಗ. ಅಪ್ಪನಿಗೆ ಆಗಲೇ ಗೊತ್ತಾಗಿರುತ್ತೆ, ಮಗ ನೊಂದುಕೊಳ್ತಾನೆ ಅಂತ ಅವರೂ ಸುಮ್ಮನಿರ್ತಾರೆ. ಇಂಥ ಕಡೆ ಡಾಕ್ಟರು ಏನು ಮಾಡಬೇಕು? ರೋಗಿಗೆ ಎಷ್ಟು ಗೊತ್ತಿದೆ, ಇನ್ನೆಷ್ಟು ತಿಳಿಯೋ ಮನಸ್ಸಿದೆ ಅಂತ ಮೊದಲು ಅವರನ್ನೇ ಕೇಳಬೇಕು. ಆಮೇಲೆ ಬಾಯಿ ಬಿಡಬೇಕು. ಇದನ್ನೂ ಕೂರಿಸಿ ಕಲಿಸ್ತಾರೆ.

ಸರಕಿದೆ, ತೂಗೋರಿಲ್ಲ

ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯೋ ದೇಶ ನಮ್ಮದು. ಮಾರ್ಫಿನ್ ಬರೋದು ಅದರಿಂದಲೇ, ಮಾತ್ರೆಯ ಬೆಲೆಯೂ ಕಡಿಮೆ. ಆದರೂ ಊರ ಆಸ್ಪತ್ರೆಯಲ್ಲಿ ಸಿಗೋದು ಕಷ್ಟ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸ್ ರಗಳೆ ಹೆಚ್ಚಿ ಆಸ್ಪತ್ರೆಗಳು ಕೈ ಎತ್ತಿದವು. 2014ರಲ್ಲಿ ಕಾಯ್ದೆ ತಿದ್ದಿ ದಾರಿ ಸಲೀಸು ಮಾಡಿದರು. ಆದರೆ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಈ ಆರೈಕೆಯ ತರಬೇತಿ ಪಡೆದ ಡಾಕ್ಟರು ಇರಬೇಕು. ಅಂದರೆ ಕಲಿತ ಡಾಕ್ಟರಿಲ್ಲ, ಮಾತ್ರೆಯೂ ಇಲ್ಲ. ಅಂಗಡೀಲಿ ಸರಕಿದ್ದೂ ತಕ್ಕಡಿ ಹಿಡಿಯೋರಿಲ್ಲದ ಹಾಗೆ!

ಕಲಿಯೋ ಜಾಗ ದೂರವಿಲ್ಲ

ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಗೆಳೆಯರು ಸಣ್ಣದಾಗಿ ಶುರು ಮಾಡಿದ ಕೆಲಸ ಇವತ್ತು ದೇಶಕ್ಕೇ ಪಾಠಶಾಲೆ. ಡಾಕ್ಟರು, ನರ್ಸುಗಳಿಗೆ ಆರು ವಾರದ ಕೋರ್ಸು ಬೆಳೆದದ್ದು ಅಲ್ಲೇ. ನಮ್ಮ ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ಪುಕ್ಕಟೆ ನೋಡಿಕೊಳ್ಳುತ್ತಿದೆ, ತರಬೇತಿಯನ್ನೂ ಕೊಡುತ್ತಿದೆ. ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ 2012ರಿಂದ ಇದರಲ್ಲೇ ಎಂ.ಡಿ. ಓದಬಹುದು. ಎಂ.ಬಿ.ಬಿ.ಎಸ್. ಪಾಠದೊಳಗೆ ಈ ವಿಷಯ ಸೇರಿದ್ದು 2019ರಲ್ಲಿ. ಅದಕ್ಕೂ ಮುಂಚೆ ಪಾಸಾದ ಬಹಳಷ್ಟು ಡಾಕ್ಟರಿಗೆ ಕಾಲೇಜಿನಲ್ಲಿ ಇದನ್ನು ಹೇಳಿಕೊಟ್ಟವರೇ ಇಲ್ಲ. ತಪ್ಪು ಅವರದಲ್ಲ. ಈಗಲೂ ಕಲಿಸದೆ ಬಿಟ್ಟರೆ ಮಾತ್ರ ತಪ್ಪು.

ತಾಲೂಕಿಗೆ ಒಬ್ಬ ಡಾಕ್ಟರು, ಇಬ್ಬರು ನರ್ಸು. ಆರು ವಾರ ರಜೆ, ಹೋಗಿಬರೋ ಖರ್ಚು. ಕೇಳೋದು ಇಷ್ಟೇ. ಆಸ್ಪತ್ರೆ ಕಟ್ಟಡಕ್ಕೆ ಬಣ್ಣ ಹೊಡೆಸೋವಾಗ ಓಡಿಬರೋ ಜನಪ್ರತಿನಿಧಿಗಳು ಇದನ್ನೂ ಒಮ್ಮೆ ಸಭೆಯಲ್ಲಿ ಎತ್ತಲಿ.

ಓದುಗರೂ ಸುಮ್ಮನಿರಬೇಡಿ. ಮನೆಗೆ ಕರ್ಕೊಂಡು ಹೋಗಿ ಅಂದರೆ ತಲೆ ತಗ್ಗಿಸಿ ಬರಬೇಡಿ. ‘ಸರಿ ಸಾರ್, ನೋವಿಗೆ ಏನು ಕೊಡ್ತೀರಿ? ಅದನ್ನು ಕಲಿತವರು ಎಲ್ಲಿದ್ದಾರೆ?’ ಅಂತ ಕೇಳಿ. ಕೇಳೋದು ನಿಮ್ಮ ಹಕ್ಕು.