ನಿಮಗಿದು ಗೊತ್ತೇ? ವೇಗಮಿತಿ ಫಲಕದ ಹಿಂದೊಂದು ಲೆಕ್ಕವಿದೆ!

ಅಮೆರಿಕದಲ್ಲಿರುವ ಮಗನನ್ನೋ ಮಗಳನ್ನೋ ನೋಡಿಬಂದವರು ಗಮನಿಸಿರಬಹುದು. ಕಾರು ಒಂದು ರಾಜ್ಯದ ಗಡಿ ದಾಟಿ ಇನ್ನೊಂದಕ್ಕೆ ಕಾಲಿಟ್ಟರೆ, ವೇಗಮಿತಿ ಫಲಕದ ಅಂಕಿಯೂ ಎಷ್ಟೋ ಕಡೆ ಬದಲಾಗುತ್ತದೆ. ಹೆದ್ದಾರಿ ಅದೇ, ಕಾನೂನು ಬೇರೆ. ಅಲ್ಲಿ ವೇಗಮಿತಿಯ ಕಾನೂನು ಮಾಡುವುದು ಆಯಾ ರಾಜ್ಯದ ಶಾಸನಸಭೆ.

ಮೋಟಾರು ವಾಹನಗಳಿಗೆ ಇಡೀ ರಾಜ್ಯಕ್ಕೆ ಅನ್ವಯಿಸುವ ವೇಗಮಿತಿಯನ್ನು ಅಲ್ಲಿ ಮೊದಲು ತಂದದ್ದು ಕನೆಕ್ಟಿಕಟ್, 1901ರಲ್ಲಿ. ಊರೊಳಗೆ ಗಂಟೆಗೆ 12 ಮೈಲಿ, ಹಳ್ಳಿಯ ರಸ್ತೆಯಲ್ಲಿ 15. ಅಂದರೆ ಸುಮಾರು 19 ಮತ್ತು 24 ಕಿ.ಮೀ. ಸೈಕಲ್ಲನ್ನು ಜೋರಾಗಿ ತುಳಿದರೆ ಮುಟ್ಟಬಹುದಾದ ವೇಗ!

1974ರಲ್ಲಿ ದೇಶಕ್ಕೆಲ್ಲ ಒಂದೇ ಗರಿಷ್ಠ ಮಿತಿ ಬಂತು: 55 ಮೈಲಿ. ಅಪಘಾತ ತಡೆಯುವುದಕ್ಕಿಂತ ಪೆಟ್ರೋಲ್ ಉಳಿಸುವುದೇ ಮುಖ್ಯ ಉದ್ದೇಶವಾಗಿತ್ತು. ಅರಬ್ ದೇಶಗಳು ತೈಲ ನಿಲ್ಲಿಸಿದ ಕಾಲ ಅದು. ಒಪ್ಪದ ರಾಜ್ಯಕ್ಕೆ ಹೆದ್ದಾರಿ ಅನುದಾನ ಸಿಗುತ್ತಿರಲಿಲ್ಲ. ಮೊಂಟಾನಾ ಮನಸ್ಸಿಲ್ಲದೆ ಒಪ್ಪಿತು. ಹಗಲಲ್ಲಿ ಮಿತಿ ಮೀರಿದವರಿಗೆ ಬರೀ 5 ಡಾಲರ್ ದಂಡ ಹಾಕಿತು, ಅದೂ ಇಂಧನ ಪೋಲು ಮಾಡಿದ್ದಕ್ಕೆ! 1995ರಲ್ಲಿ ಕೇಂದ್ರದ ಈ ಕಾನೂನು ರದ್ದಾಗಿ, ಅಧಿಕಾರ ಮತ್ತೆ ರಾಜ್ಯಗಳ ಕೈಸೇರಿತು.

ಆಗ ಅದೇ ಮೊಂಟಾನಾ ಹಗಲಿನ ಕಾರುಗಳಿಗೆ ಅಂಕಿಯ ಮಿತಿಯನ್ನೇ ಕೈಬಿಟ್ಟಿತು. 'ವಿವೇಕದಿಂದ, ಹದವಾದ ವೇಗದಲ್ಲಿ ಓಡಿಸಿ' ಎಂಬುದಷ್ಟೇ ನಿಯಮ. 1996ರ ಮಾರ್ಚ್‌ನ ಒಂದು ಬೆಳಗ್ಗೆ ಹೊಸ ಕಾರಿನಲ್ಲಿ 85 ಮೈಲಿ ವೇಗದಲ್ಲಿ ಹೋಗುತ್ತಿದ್ದವನನ್ನು ಪೊಲೀಸ್ ಅಧಿಕಾರಿ ಹಿಡಿದರು. ರಸ್ತೆ ಒಣಗಿತ್ತು, ಹಿಮವಿರಲಿಲ್ಲ, ಸಂಚಾರವೂ ವಿರಳ. ಹಾಗಾದರೆ ಅಲ್ಲಿ ಹದವಾದ ವೇಗ ಎಷ್ಟು? ಅಧಿಕಾರಿಯ ಬಳಿ ಇದಕ್ಕೆ ಅಂಕಿಯ ಉತ್ತರವಿರಲಿಲ್ಲ. ಎಷ್ಟು ವೇಗದಲ್ಲಿ ಹೋದರೆ ತಪ್ಪು ಎಂಬುದು ಜನಕ್ಕೆ ಮೊದಲೇ ತಿಳಿಯದಷ್ಟು ಅಸ್ಪಷ್ಟವಾಗಿದೆ ಎಂದು ರಾಜ್ಯದ ಸುಪ್ರೀಂ ಕೋರ್ಟ್ 1998ರಲ್ಲಿ ಆ ನಿಯಮವನ್ನು ತಳ್ಳಿಹಾಕಿತು. ಮರುವರ್ಷವೇ ಅಂತರರಾಜ್ಯ ಹೆದ್ದಾರಿಗೆ 75 ಮೈಲಿಯ ಮಿತಿ ಬಂತು. ನನ್ನ ಮಟ್ಟಿಗೆ ಕೋರ್ಟು ಹೇಳಿದ್ದು ಸರಿ. ದಂಡ ಹಾಕುವುದಾದರೆ ಮಿತಿ ಯಾವುದೆಂದು ಮೊದಲು ಹೇಳಬೇಕು.

ಟೆಕ್ಸಾಸ್‌ನ 130ನೇ ರಾಜ್ಯ ಹೆದ್ದಾರಿಯ ಒಂದು ಭಾಗದಲ್ಲಿ 85 ಮೈಲಿ, ಅಂದರೆ ಸುಮಾರು 137 ಕಿ.ಮೀ. ಅಮೆರಿಕದಲ್ಲೇ ಅತಿ ಹೆಚ್ಚು. ಹವಾಯಿಯಲ್ಲಿ 60 ದಾಟುವಂತಿಲ್ಲ.

ಅಂಕಿ ಎಲ್ಲಿಂದ ಬರುತ್ತದೆ? ರಸ್ತೆಗೆ ಅಡ್ಡಲಾಗಿ ಕಪ್ಪು ರಬ್ಬರ್ ಕೊಳವೆ ಹಾಸಿರುತ್ತಾರೆ. ಚಕ್ರ ಹತ್ತಿದಾಗ ಒಳಗಿನ ಗಾಳಿ ಒತ್ತಿ, ಪಕ್ಕದ ಪೆಟ್ಟಿಗೆಯಲ್ಲಿ ಹೊತ್ತು ದಾಖಲಾಗುತ್ತದೆ. ಎರಡು ಕೊಳವೆಗಳ ನಡುವಿನ ಹೊತ್ತಿನಿಂದ ವೇಗ ಸಿಗುತ್ತದೆ. ಅಡ್ಡಿಯಿಲ್ಲದೆ ಸಾಗುವ 100 ವಾಹನಗಳಲ್ಲಿ 85 ವಾಹನಗಳು ಯಾವ ವೇಗವನ್ನು ಮೀರುವುದಿಲ್ಲವೋ ಅದೇ ಆಧಾರದ ಅಂಕಿ. ಹಲವು ರಾಜ್ಯಗಳು ಅದನ್ನು 5ರ ಗುಣಕಕ್ಕೆ ಹೊಂದಿಸಿ ಫಲಕ ನೆಡುತ್ತವೆ. ಇದು ನನಗೆ ಒಪ್ಪಿಗೆಯಿಲ್ಲ. ಓಡಿಸುವವರು ವೇಗ ಹೆಚ್ಚಿಸಿದರೆ ಮಿತಿಯೂ ಏರುತ್ತದೆ. ರಸ್ತೆ ದಾಟುವ ಅಜ್ಜಿಯ ಲೆಕ್ಕ ಆ ಕೊಳವೆಗೆ ಸಿಗುವುದೇ ಇಲ್ಲ. ಕ್ಯಾಲಿಫೋರ್ನಿಯಾ 2021ರ ಕಾನೂನಿನಲ್ಲಿ ಈ ಲೆಕ್ಕಕ್ಕಿಂತ ಕೆಳಗಿಳಿಯಲು ನಗರಗಳಿಗೆ ಹೆಚ್ಚಿನ ಅವಕಾಶ ಕೊಟ್ಟಿತು.

ವಾಷಿಂಗ್ಟನ್ ರಾಜ್ಯದ ಸ್ನೋಕ್ವಾಲ್ಮಿ ಘಾಟಿಯಲ್ಲಿ ಮಿತಿ ದಿನವಿಡೀ ಒಂದೇ ಇರುವುದಿಲ್ಲ. ಹಿಮ ಬಿದ್ದರೆ ಎಲೆಕ್ಟ್ರಾನಿಕ್ ಫಲಕದ ಅಂಕಿ ಇಳಿಯುತ್ತದೆ.

ನ್ಯೂಯಾರ್ಕ್‌ನಷ್ಟು ದೊಡ್ಡ ನಗರವೂ ತನ್ನ ಬೀದಿಗಳ ವೇಗ ಇಳಿಸಲು ರಾಜ್ಯದ ರಾಜಧಾನಿ ಆಲ್ಬನಿಯ ಒಪ್ಪಿಗೆಗೆ ಕಾಯಬೇಕಾಗಿತ್ತು. 2013ರ ಅಕ್ಟೋಬರ್‌ನಲ್ಲಿ ಬ್ರೂಕ್ಲಿನ್‌ನ ಬೀದಿಯಲ್ಲಿ 12 ವರ್ಷದ ಸ್ಯಾಮಿ ವ್ಯಾನ್‌ಗೆ ಸಿಕ್ಕಿ ತೀರಿಕೊಂಡ. ಮರುವರ್ಷ ನಗರದ ಸಾಮಾನ್ಯ ಮಿತಿ 30ರಿಂದ 25 ಮೈಲಿಗೆ ಇಳಿಯಿತು. ಬಹುತೇಕ ಬೀದಿಗಳಲ್ಲಿ 20ಕ್ಕೆ ಇಳಿಸಲು ಅನುಮತಿ ಕೊಡುವ ಕಾನೂನು ಬಂದದ್ದು 2024ರಲ್ಲಿ. ಅದಕ್ಕೆ ಆ ಹುಡುಗನ ಹೆಸರೇ ಇದೆ. ಅವನ ತಾಯಿ ವರ್ಷಗಟ್ಟಲೆ ಅದರ ಬೆನ್ನು ಬಿಡಲಿಲ್ಲ.

ನಮ್ಮಲ್ಲಿ? 1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಂ ಪ್ರಕಾರ ಗರಿಷ್ಠ ಮಿತಿ ಗೊತ್ತುಮಾಡುವುದು ಕೇಂದ್ರ. ಸಾರ್ವಜನಿಕರ ಸುರಕ್ಷತೆಗಾಗಿ, ಇಲ್ಲವೇ ರಸ್ತೆ, ಸೇತುವೆಯ ಸ್ಥಿತಿ ನೋಡಿ ಅದನ್ನು ಇಳಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಅಧಿಸೂಚನೆ ಹೊರಡಿಸಿ ಫಲಕ ಹಾಕಿಸಬೇಕು. ನಿಮ್ಮೂರ ಶಾಲೆಯ ಮುಂದೆ ಲಾರಿಗಳು ಬುಸ್ಸೆಂದು ಹೋಗುತ್ತಿದ್ದರೆ ಈ ಕಲಂ ಹೆಸರು ಹೇಳಿ ಜಿಲ್ಲಾಧಿಕಾರಿಗೊಂದು ಅರ್ಜಿ ಕೊಡಿ.